ಮರಳನ್ನು ನಿಲ್ಲಿಸಿದ ಭಾಷೆ

2020ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ನಿಸರ್ಗ ಸಂರಕ್ಷಣಾ ಸಂಸ್ಥೆ ನೇಚರ್‌ಸ್ಕಾಟ್ ಒಂದು ವಿಚಿತ್ರ ತೀರ್ಮಾನವನ್ನು ಪ್ರಕಟಿಸಿತು. ಅಬರ್ಡೀನ್‌ಶೈರ್ ಕರಾವಳಿಯ ಫೊವೆರನ್ ಲಿಂಕ್ಸ್ ಎಂಬ ಮರಳು ದಿಬ್ಬಗಳ ಪ್ರದೇಶ ಅಲ್ಲಿಯವರೆಗೆ ‘ವಿಶೇಷ ವೈಜ್ಞಾನಿಕ ಆಸಕ್ತಿಯ ತಾಣ’ ಎಂಬ ಹೆಸರಿನಲ್ಲಿ ಕಾನೂನಿನ ರಕ್ಷಣೆ ಪಡೆದಿತ್ತು. ಆ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ಯಾವ ಗುಣಗಳಿಗಾಗಿ ಪಟ್ಟಿಗೆ ಸೇರಿಸಿದ್ದರೋ ಆ ಗುಣಗಳು ಈಗ ಅಲ್ಲಿ ಸಾಕಷ್ಟು ಉಳಿದಿಲ್ಲ ಎಂಬುದು ಕೊಟ್ಟ ಕಾರಣ. ಉಳಿಯದಂತೆ ಮಾಡಿದ್ದು ಡೊನಾಲ್ಡ್ ಟ್ರಂಪ್ ಅವರ ಸಂಸ್ಥೆ ಮೆನೀ ಎಸ್ಟೇಟಿನಲ್ಲಿ ಕಟ್ಟಿ, 2012ರ ಜುಲೈನಲ್ಲಿ ತೆರೆದ ಗಾಲ್ಫ್ ಕೋರ್ಸ್.

ಹೀಗಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲವೆ? ಎಲ್ಲರಿಗೂ ಗೊತ್ತಿತ್ತು. ಯೋಜನೆಗೆ ಅನುಮತಿ ಕೊಡುವ ಮೊದಲು ಪರಿಸರ ಪರಿಣಾಮದ ಅಧ್ಯಯನ ನಡೆದಿತ್ತು. ನೇಚರ್‌ಸ್ಕಾಟ್‌ಗೆ ಆಗ ಸ್ಕಾಟಿಷ್ ನ್ಯಾಚುರಲ್ ಹೆರಿಟೇಜ್ ಎಂಬ ಹೆಸರಿತ್ತು. ಅದು ಆಕ್ಷೇಪ ಸಲ್ಲಿಸಿತ್ತು. 2008ರಲ್ಲಿ ಸಾರ್ವಜನಿಕ ವಿಚಾರಣೆ ನಡೆದು, ಭೂರೂಪ ತಜ್ಞರು, ಪಕ್ಷಿತಜ್ಞರು, ಊರಿನವರು ಎಲ್ಲರೂ ಮಾತಾಡಿದ್ದರು. ದಿಬ್ಬಗಳಿಗೆ ಹಾನಿಯಾಗುತ್ತದೆ ಎಂಬುದನ್ನು ವಿಚಾರಣಾಧಿಕಾರಿಗಳು ತಮ್ಮ ವರದಿಯಲ್ಲಿ ಬರೆದೂ ಬರೆದರು. ಬರೆದ ಮೇಲೆ ಅನುಮತಿ ಕೊಡಬಹುದೆಂದು ಶಿಫಾರಸು ಮಾಡಿದರು.

ಪರಿಸರದ ವಿಷಯದಲ್ಲಿ ನಾವು ಸಾಮಾನ್ಯವಾಗಿ ಹೇಳಿಕೊಳ್ಳುವ ಕತೆ ಬೇರೆ: ಸತ್ಯವನ್ನು ಮುಚ್ಚಿಟ್ಟರು, ವರದಿಯನ್ನು ತಿರುಚಿದರು, ಅದರಿಂದ ಅನಾಹುತವಾಯಿತು. ಅಂಥವೂ ಬೇಕಾದಷ್ಟಿವೆ. ಮೆನೀ ಪ್ರಕರಣ ಅದಕ್ಕಿಂತ ಕಷ್ಟದ್ದು. ಇಲ್ಲಿ ಸತ್ಯ ಕಡತದಲ್ಲೇ ಇತ್ತು, ಆದರೂ ಅದಕ್ಕೆ ತೂಕ ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ರಾಜಕೀಯದಲ್ಲಿದೆ, ಇನ್ನೊಂದು ಭಾಗ ಹಣದಲ್ಲಿದೆ. ಮೂರನೆಯ ಭಾಗ ಭಾಷೆಯಲ್ಲಿದೆ ಎಂಬುದು ನನ್ನ ವಾದ. ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಓದಬಲ್ಲದ್ದು ಆ ಮೂರನೆಯ ಭಾಗವನ್ನು.

ಲಿಂಕ್ಸ್ ಎಂಬ ಖರಾಬು

‘ಲಿಂಕ್ಸ್’ ಎಂಬ ಪದ ಇವತ್ತು ಗಾಲ್ಫ್ ಆಟದ ಪದವಾಗಿದೆ. ಮೂಲದಲ್ಲಿ ಅದು ಒಂದು ಬಗೆಯ ನೆಲದ ಹೆಸರು. ಕಡಲಿಗೂ ಉಳುಮೆಯ ಹೊಲಗಳಿಗೂ ನಡುವೆ ಬಿದ್ದಿರುವ, ಹುಲ್ಲು ಹಿಡಿದ, ಏರಿಳಿತದ ಮರಳು ನೆಲ. ಅಲ್ಲಿ ಬೆಳೆ ಬಾರದು. ಕುರಿ ಮೇಯಿಸಬಹುದು, ಬಲೆ ಒಣಗಿಸಬಹುದು, ಚೆಂಡು ಹೊಡೆದು ಆಡಬಹುದು. ನಮ್ಮ ಪಹಣಿಯ ಭಾಷೆಯಲ್ಲಿ ಹೇಳುವುದಾದರೆ ಅದು ಖರಾಬು ಜಮೀನು. ಕಂದಾಯ ಹುಟ್ಟದ ನೆಲಕ್ಕೆಲ್ಲ ‘ಕೆಟ್ಟದ್ದು’ ಎಂಬ ಅರ್ಥದ ಪದವನ್ನೇ ಅಂಟಿಸಿದ ಕಂದಾಯ ಇಲಾಖೆಯ ಕಣ್ಣು ಯಾವುದೆಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಗೋಮಾಳ, ಹುಲ್ಲುಬನ್ನಿ, ಕೆರೆಯಂಗಳಗಳೆಲ್ಲ ಮೊದಲು ಈ ಕಣ್ಣಿನಲ್ಲಿ ‘ಖಾಲಿ’ಯಾಗಿ, ಆಮೇಲೆ ನೆಲದ ಮೇಲೂ ಖಾಲಿಯಾದದ್ದನ್ನು ನೋಡಿದ್ದೇವೆ.

ಗಾಲ್ಫ್ ಮತ್ತು ಮರಳು ದಿಬ್ಬ ಹುಟ್ಟು ಶತ್ರುಗಳೇನಲ್ಲ. ಸ್ಕಾಟ್ಲೆಂಡಿನ ಹಳೆಯ ಕೋರ್ಸ್‌ಗಳು ಲಿಂಕ್ಸ್ ನೆಲದ ಮೇಲೆ ತಾವಾಗಿಯೇ ಎಂಬಂತೆ ರೂಪುಗೊಂಡವು. ಕುರಿ, ಮೊಲಗಳು ಮೇದು ಸಣ್ಣಗಾದ ಹುಲ್ಲೇ ಅಂಗಳ. ಗಾಳಿ ಕೊರೆದ ಮರಳಿನ ಗುಂಡಿಯೇ ಅಡೆತಡೆ. ನೆಲ ಹೇಗಿತ್ತೋ ಹಾಗೆ ಆಟ. ಅಗೆಯುವ ಯಂತ್ರ ಬಂದ ಮೇಲೆ ಸಂಬಂಧ ತಿರುಗುಮುರುಗಾಯಿತು: ಆಟ ಹೇಗೆ ಬೇಕೋ ಹಾಗೆ ನೆಲ. ಮೆನೀ ಯೋಜನೆಯಲ್ಲಿ ಎರಡು 18 ಕುಳಿಗಳ ಕೋರ್ಸ್, 450 ಕೋಣೆಗಳ ಹೋಟೆಲ್, 950 ವಿರಾಮದ ವಸತಿಗಳು, 500 ಮನೆಗಳು ಇದ್ದವು. ಕುರಿ ಮೇದ ಹುಲ್ಲಿನ ಆಟಕ್ಕೂ ಇದಕ್ಕೂ ಹೆಸರು ಮಾತ್ರ ಒಂದೇ.

ಫೊವೆರನ್ ಲಿಂಕ್ಸ್‌ನ ವಿಶೇಷವಿದ್ದದ್ದು ಅದರ ಚಲನೆಯಲ್ಲಿ. ಅಲ್ಲಿ ಹುಲ್ಲು ಹಿಡಿಯದ, ಬರಿಯ ಮರಳಿನ ಒಂದು ದೊಡ್ಡ ಹಾಸು ಗಾಳಿಗೆ ಸಿಕ್ಕಿ ವರ್ಷವರ್ಷವೂ ಉತ್ತರಕ್ಕೆ ಸರಿಯುತ್ತಿತ್ತು. ಅದು ಸರಿದು ಹೋದ ಜಾಗದಲ್ಲಿ ತೇವದ ತಗ್ಗುಗಳು ಉಳಿಯುತ್ತಿದ್ದವು. ಆ ತಗ್ಗುಗಳಲ್ಲಿ ಮೊದಲು ಪಾಚಿ, ಆಮೇಲೆ ಸಣ್ಣ ಗಿಡಗಳು, ಆಮೇಲೆ ಹುಲ್ಲು. ಒಂದು ನೆಲ ಹುಟ್ಟುವುದರಿಂದ ಹಿಡಿದು ಮುಪ್ಪಾಗುವವರೆಗಿನ ಎಲ್ಲ ಹಂತಗಳನ್ನೂ ಅಲ್ಲಿ ಒಂದೇ ನಡಿಗೆಯಲ್ಲಿ ನೋಡಬಹುದಿತ್ತು. ಮರಳು ನಡೆಯುತ್ತಿದ್ದರೆ ಮಾತ್ರ ಈ ಸರಣಿ ಉಳಿಯುತ್ತದೆ. ಮರಳು ನಿಂತರೆ ಎಲ್ಲ ಹಂತಗಳೂ ಕೊನೆಯ ಹಂತಕ್ಕೆ ಬಂದು ಸೇರುತ್ತವೆ.

ಅಲ್ಲಿಂದ ಉತ್ತರಕ್ಕೆ, ಯಥನ್ ನದಿಯ ಅಳಿವೆಯ ಆಚೆ ದಡದಲ್ಲಿ ಫೋರ್ವಿ ಎಂಬ ಇನ್ನೊಂದು ಮರಳು ಪ್ರದೇಶವಿದೆ. ಒಂದು ಕಾಲದಲ್ಲಿ ಊರಾಗಿದ್ದ ಫೋರ್ವಿಯನ್ನು ಮರಳು ನುಂಗಿತು. ಹಳೆಯ ಚರ್ಚಿನ ಗೋಡೆಗಳಷ್ಟೇ ಈಗ ಕಾಣುತ್ತವೆ. ಊರು ಮುಳುಗಿದ್ದಕ್ಕೆ ಅಲ್ಲಿಯ ಜನ ಒಂದು ಕತೆ ಹೇಳುತ್ತಾರೆ: ತಂದೆಯ ಆಸ್ತಿಯಿಂದ ವಂಚಿತರಾದ ಮೂವರು ಹೆಣ್ಣುಮಕ್ಕಳು ಕೊಟ್ಟ ಶಾಪ. ತಲಕಾಡಿನ ಅಲಮೇಲಮ್ಮನ ಕತೆ ಕೇಳಿ ಬೆಳೆದ ನಮಗೆ ಇದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಕಾವೇರಿ ದಡದಲ್ಲಿ ಒಡವೆಗಾಗಿ ಬೆನ್ನಟ್ಟಿಸಿಕೊಂಡ ಹೆಣ್ಣು, ಉತ್ತರ ಸಮುದ್ರದ ದಡದಲ್ಲಿ ಜಮೀನು ಕಳೆದುಕೊಂಡ ಹೆಣ್ಣುಮಕ್ಕಳು. ಸಂಬಂಧವೇ ಇಲ್ಲದ ಎರಡು ಸಮಾಜಗಳು ನಡೆಯುವ ಮರಳನ್ನು ಒಂದೇ ರೀತಿ ಓದಿಕೊಂಡಿವೆ: ಅನ್ಯಾಯ ನಡೆದ ಕಡೆ ನೆಲ ಸುಮ್ಮನೆ ಬಿದ್ದಿರುವುದಿಲ್ಲ. ವಿಜ್ಞಾನವಾಗಿ ಈ ಕತೆ ಸರಿಯಲ್ಲ. ಆದರೆ ಮರಳು ಒಂದು ಪಾತ್ರ, ಅದು ಏನನ್ನೋ ಮಾಡುತ್ತದೆ ಎಂಬ ಅರಿವು ಈ ಕತೆಗಳಲ್ಲಿದೆ. ವರದಿಗಳಲ್ಲಿ ಕಾಣೆಯಾಗುವುದು ಇದೇ ಅರಿವು.

ಲಾಗುವುದು, ಆದೀತು, ಆಗುತ್ತದೆ

ಪರಿಸರ ಪರಿಣಾಮದ ವರದಿ ಒಂದು ಸಾಹಿತ್ಯ ಪ್ರಕಾರ ಎಂದರೆ ಕೆಲವರು ನಕ್ಕಾರು. ಆದರೆ ಅದಕ್ಕೆ ತನ್ನದೇ ರಚನೆಯಿದೆ, ತನ್ನದೇ ನಿರೂಪಕನಿದ್ದಾನೆ, ತನ್ನದೇ ರೂಢಿಗಳಿವೆ. ಬರೆಸುವವರು ಯೋಜನೆ ಕಟ್ಟುವವರೇ. ಸ್ಕಾಟ್ಲೆಂಡಿನಲ್ಲೂ ಹಾಗೆಯೇ, ನಮ್ಮಲ್ಲೂ ಹಾಗೆಯೇ. ನಿರೂಪಕನಿಗೆ ಹೆಸರಿಲ್ಲ, ಸಿಟ್ಟಿಲ್ಲ, ಊರಿಲ್ಲ. ಮೊದಲು ತಾಣದ ಈಗಿನ ಸ್ಥಿತಿ ಬರುತ್ತದೆ, ಆಮೇಲೆ ಯೋಜನೆಯಿಂದಾಗುವ ಬದಲಾವಣೆ, ಆಮೇಲೆ ಉಪಶಮನ ಕ್ರಮಗಳು, ಕೊನೆಗೆ ‘ಉಳಿಕೆ ಪರಿಣಾಮ’. ನಡುವೆ ಒಂದು ಕೋಷ್ಟಕ. ಅದರ ಒಂದು ಬದಿಯಲ್ಲಿ ತಾಣದ ಸೂಕ್ಷ್ಮತೆ, ಇನ್ನೊಂದು ಬದಿಯಲ್ಲಿ ಬದಲಾವಣೆಯ ಗಾತ್ರ. ಎರಡೂ ಕೂಡುವ ಮನೆಯಲ್ಲಿ ‘ನಗಣ್ಯ’, ‘ಅಲ್ಪ’, ‘ಮಧ್ಯಮ’, ‘ಗಂಭೀರ’ ಎಂಬ ತೀರ್ಪು. ಹಕ್ಕಿಗೊಂದು ಸಾಲು, ಹುಲ್ಲಿಗೊಂದು ಸಾಲು, ಅಂತರ್ಜಲಕ್ಕೊಂದು ಸಾಲು, ನೋಟಕ್ಕೊಂದು ಸಾಲು.

ಈ ರಚನೆಯ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಗಾಲ್ಫ್ ಕೋರ್ಸ್ ಎಂದರೆ ಬರಿ ಹಸಿರು, ಅದರಿಂದ ಪರಿಸರಕ್ಕೇನು ಕೇಡು ಎನ್ನುವವರಿಗೆ ಈ ಕೋಷ್ಟಕವೇ ಉತ್ತರ. ದಿಬ್ಬದ ಮರಳು ಬಡ ಮರಳು. ಅದರಲ್ಲಿ ಸಾರವಿಲ್ಲ ಎಂಬ ಕಾರಣಕ್ಕೇ ಅಲ್ಲಿ ಅಪರೂಪದ ಗಿಡಗಳು ಬದುಕುತ್ತವೆ. ಆಟದ ಹುಲ್ಲಿಗೆ ಹಾಕಿದ ಗೊಬ್ಬರ ಹರಿದು ಬಂದರೆ ಬಲವಾದ ಹುಲ್ಲು ಬೆಳೆದು ಅವನ್ನು ಒತ್ತಿ ಹಾಕುತ್ತದೆ. ದಿಬ್ಬಗಳ ನಡುವಿನ ತೇವದ ತಗ್ಗುಗಳು ಅಂತರ್ಜಲದ ಮಟ್ಟಕ್ಕೆ ಅಂಟಿಕೊಂಡಿರುತ್ತವೆ. ನೀರಾವರಿಗೆ ನೀರೆತ್ತಿ ಮಟ್ಟ ಸ್ವಲ್ಪ ಇಳಿದರೂ ತಗ್ಗು ಒಣಗುತ್ತದೆ. ದಾರಿ, ಅಂಗಳ, ಕಟ್ಟೆಗಳು ತಾಣವನ್ನು ತುಂಡು ತುಂಡು ಮಾಡುತ್ತವೆ. ಇವೆಲ್ಲವನ್ನೂ ಒಂದೊಂದಾಗಿ ಹೇಳಲು ವರದಿಯ ಭಾಷೆಗೆ ಬರುತ್ತದೆ.

ಬಾರದೇ ಇರುವುದು ಸಂಬಂಧವನ್ನು ಹೇಳಲು. ಸಾಲು ಸಾಲಾಗಿ ಬಿಡಿಸಿಟ್ಟ ಮೇಲೆ ಮರಳಿನ ನಡಿಗೆಗೆ ಯಾವ ಸಾಲು? ಅದು ಗಿಡವಲ್ಲ, ಹಕ್ಕಿಯಲ್ಲ, ನೀರಲ್ಲ. ಇವೆಲ್ಲವನ್ನೂ ಹುಟ್ಟಿಸುವ ಕ್ರಿಯೆ. ಅದಕ್ಕೂ ‘ಭೂರೂಪ’ ಎಂದು ಒಂದು ಸಾಲು ಕೊಡುತ್ತಾರೆ, ಅಲ್ಲಿಗೆ ತಾಯಿಯೂ ಮಕ್ಕಳ ಸಾಲಿನಲ್ಲಿ ನಿಂತಂತಾಗುತ್ತದೆ. ಹತ್ತು ಸಾಲುಗಳಲ್ಲಿ ಒಂದಕ್ಕೆ ‘ಗಂಭೀರ’ ಎಂದು ಬಂದರೂ ಉಳಿದ ಒಂಬತ್ತು ಸಾಲುಗಳು ಅದನ್ನು ಸಮಾಧಾನಪಡಿಸುತ್ತವೆ.

ಇನ್ನು ಒಂದು ಪದ. ಮೆನೀಯಲ್ಲಿ ನಡೆಯುವ ಮರಳಿಗೆ ಮ್ಯಾರಮ್ ಹುಲ್ಲು ನೆಟ್ಟು ಅದನ್ನು ನಿಲ್ಲಿಸುವ ಕೆಲಸಕ್ಕೆ ಇಟ್ಟ ಹೆಸರು ‘ಸ್ಥಿರೀಕರಣ’. ಯೋಜನೆಯವರು ಇದನ್ನು ಪರಿಸರಕ್ಕೆ ಮಾಡುವ ಉಪಕಾರವೆಂದೇ ಹೇಳಿಕೊಂಡರು: ಅಲ್ಲಿ ಇಲ್ಲಿ ಹಾರಿಹೋಗುವ ದಿಬ್ಬಗಳನ್ನು ಮುಂದಿನ ಪೀಳಿಗೆಗೆ ಉಳಿಸಿಕೊಡುತ್ತೇವೆ ಎಂಬ ಧಾಟಿಯಲ್ಲಿ. ಸ್ಥಿರ ಎಂಬುದು ನಮ್ಮ ಕಿವಿಗೆ ಒಳ್ಳೆಯ ಪದ. ಸ್ಥಿರ ಸರ್ಕಾರ, ಸ್ಥಿರ ಬೆಲೆ, ಸ್ಥಿರ ಮನಸ್ಸು. ರೋಗಿಯ ಸ್ಥಿತಿ ಸ್ಥಿರವಾಗಿದೆ ಎಂದರೆ ಮನೆಯವರು ಉಸಿರು ಬಿಡುತ್ತಾರೆ. ಆದರೆ ನಡೆಯುವುದೇ ಬದುಕಾಗಿರುವ ಮರಳಿಗೆ ಸ್ಥಿರವಾಗುವುದೆಂದರೆ ಸಾಯುವುದು. ಸ್ಥಾವರ-ಜಂಗಮ ಎಂಬ ಜೋಡಿಯನ್ನು ವಚನಕಾರರಿಂದ ಕಲಿತ ಭಾಷೆ ನಮ್ಮದು. ಅಳಿಯುವುದು ಸ್ಥಾವರ, ಉಳಿಯುವುದು ಜಂಗಮ ಎಂಬ ಭರವಸೆ ನಮ್ಮ ರಕ್ತದಲ್ಲಿದೆ. ಫೊವೆರನ್‌ನಲ್ಲಿ ಅಳಿದದ್ದು ಜಂಗಮ. ಅಳಿಸಿದ ಕೆಲಸಕ್ಕೆ ‘ರಕ್ಷಣೆ’ಯ ಹೆಸರು ಸಿಕ್ಕಿತು.

ಇಂಥ ವರದಿಗಳ ಇಂಗ್ಲಿಷನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು ಓದುವುದು ನನಗೆ ಉಪಯೋಗಕ್ಕೆ ಬಂದ ವಿಧಾನ. ತರುವಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು ಕರ್ಮಣಿ ಪ್ರಯೋಗ. ಇಂಗ್ಲಿಷಿನಲ್ಲಿ ಅದು ಸಹಜವಾಗಿ ಹರಿದುಹೋಗುತ್ತದೆ. ಕನ್ನಡದಲ್ಲಿ ತಕ್ಷಣ ಸರ್ಕಾರಿ ವಾಸನೆ ಹೊಡೆಯುತ್ತದೆ. ‘ಹುಲ್ಲು ನೆಡಲಾಗುವುದು, ಮೇಲ್ವಿಚಾರಣೆ ನಡೆಸಲಾಗುವುದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಯಾರು ನೆಡುತ್ತಾರೆ, ಯಾರು ನೋಡುತ್ತಾರೆ? ‘ಲಾಗುವುದು’ ಎಂಬ ಪ್ರತ್ಯಯದ ಹಿಂದೆ ಯಾರೂ ಇರುವುದಿಲ್ಲ ಎಂಬುದು ತಾಲೂಕು ಕಚೇರಿಗೆ ಅರ್ಜಿ ಕೊಟ್ಟವರಿಗೆಲ್ಲ ಗೊತ್ತಿದೆ. ಮೆನೀಯಲ್ಲೂ ಅನುಮತಿಯ ಜೊತೆ ಹತ್ತಾರು ಷರತ್ತುಗಳಿದ್ದವು. ಪರಿಸರದ ಮೇಲ್ವಿಚಾರಣೆಗೆ ಒಂದು ಸಲಹಾ ಗುಂಪೂ ಇತ್ತು. ಆ ಗುಂಪು ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು.

ಎರಡನೆಯದು ಕ್ರಿಯಾಪದದ ರೂಪ. ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಹೈಸ್ಕೂಲಿನ ವ್ಯಾಕರಣದಲ್ಲಿ ಓದಿದ್ದೇವೆ: ಆಗಲಿ, ಆಗದು, ಆದೀತು. ಇಂಥ ಯೋಜನೆಗಳ ಸುತ್ತ ಹುಟ್ಟುವ ಬರವಣಿಗೆಯಲ್ಲಿ ನಷ್ಟವೆಲ್ಲ ಸಂಭಾವನಾರ್ಥಕದಲ್ಲಿ ಬರುತ್ತದೆ: ದಿಬ್ಬಕ್ಕೆ ಹಾನಿಯಾದೀತು, ತಗ್ಗು ಒಣಗೀತು, ಹಕ್ಕಿ ಗೂಡು ಬಿಟ್ಟೀತು. ಲಾಭವೆಲ್ಲ ಗಟ್ಟಿ ಭವಿಷ್ಯತ್ತಿನಲ್ಲಿ ಬರುತ್ತದೆ: ಹೂಡಿಕೆ ಬರುತ್ತದೆ, ಕೆಲಸ ಸಿಗುತ್ತದೆ, ಊರು ಉದ್ಧಾರವಾಗುತ್ತದೆ. ವಿಜ್ಞಾನಿ ತನ್ನ ಶಿಸ್ತಿನಿಂದಾಗಿ ‘ಆದೀತು’ ಎನ್ನುತ್ತಾನೆ. ಅವನಿಗೆ ಅನುಮಾನ ಒಂದು ಪ್ರಾಮಾಣಿಕತೆ. ಮಾರುವವನಿಗೆ ಆ ಶಿಸ್ತಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ‘ಆದೀತು’, ಇನ್ನೊಂದರಲ್ಲಿ ‘ಆಗುತ್ತದೆ’. ಯಾವುದು ಭಾರವಾಗುತ್ತದೆ ಎಂದು ಬೇರೆ ಹೇಳಬೇಕೆ?

ಈಗ ಎರಡೂ ಭೂತಕಾಲಕ್ಕೆ ಸೇರಿರುವುದರಿಂದ ಹೋಲಿಸಿ ನೋಡಬಹುದು. ನಷ್ಟದ ‘ಆದೀತು’ ಆಯಿತು. ಅದಕ್ಕೆ 2020ರ ತೀರ್ಮಾನವೇ ದಾಖಲೆ. ಲಾಭದ ‘ಆಗುತ್ತದೆ’ ಏನಾಯಿತು? ನೂರು ಕೋಟಿ ಪೌಂಡ್ ಹೂಡಿಕೆಯ ಮಾತಿತ್ತು, 6000 ಉದ್ಯೋಗಗಳ ಮಾತಿತ್ತು. 450 ಕೋಣೆಗಳ ಹೋಟೆಲ್ ಮೇಲೇಳಲಿಲ್ಲ. ಎಸ್ಟೇಟಿನ ಹಳೆಯ ಬಂಗಲೆಯೇ ಸಣ್ಣ ಹೋಟೆಲಾಯಿತು. 2019ರ ಆಸುಪಾಸಿನಲ್ಲಿ ಅಲ್ಲಿ ಕೆಲಸಕ್ಕಿದ್ದವರು ನೂರಕ್ಕಿಂತ ಕಡಿಮೆ. ತೆರೆದ ಮೇಲಿನ ಹತ್ತು ವರ್ಷ ಕಂಪನಿಯ ಲೆಕ್ಕಪತ್ರಗಳು ನಷ್ಟವನ್ನೇ ತೋರಿಸಿದವು. ಎರಡನೆಯ ಕೋರ್ಸ್ ತೆರೆದದ್ದು 2025ರಲ್ಲಿ. ಪರಿಸರದ ಬಗ್ಗೆ ಹೇಳಿದ ಪ್ರತಿಯೊಂದು ವಾಕ್ಯವನ್ನೂ ವಿಚಾರಣೆಯಲ್ಲಿ ಪಾಟೀಸವಾಲಿಗೆ ಒಡ್ಡಿದ ವ್ಯವಸ್ಥೆ ಭರವಸೆಯ ವಾಕ್ಯಗಳ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ತೂಗಿದವರು

ಅನುಮತಿ ಬಂದ ದಾರಿಯನ್ನೂ ಇಲ್ಲಿ ನೆನೆಯಬೇಕು. 2007ರ ನವೆಂಬರ್‌ನಲ್ಲಿ ಅಬರ್ಡೀನ್‌ಶೈರ್ ಕೌನ್ಸಿಲ್ಲಿನ ಸಮಿತಿಯಲ್ಲಿ ಮತಗಳು ಸರಿಸಮವಾಗಿ ಹಂಚಿಹೋದವು. ಅಧ್ಯಕ್ಷ ಮಾರ್ಟಿನ್ ಫೋರ್ಡ್ ತಮ್ಮ ನಿರ್ಣಾಯಕ ಮತ ಹಾಕಿ ಯೋಜನೆಯನ್ನು ತಿರಸ್ಕರಿಸಿದರು. ಕೆಲವೇ ದಿನಗಳಲ್ಲಿ ಸ್ಕಾಟಿಷ್ ಸರ್ಕಾರ ಕಡತವನ್ನು ತನ್ನ ಕೈಗೆ ತೆಗೆದುಕೊಂಡಿತು. ಫೋರ್ಡ್ ಅಧ್ಯಕ್ಷ ಸ್ಥಾನ ಕಳೆದುಕೊಂಡರು. ಮರುವರ್ಷ ವಿಚಾರಣೆ ನಡೆದು 2008ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು.

ಯೋಜನೆಯನ್ನು ಬೆಂಬಲಿಸಿದವರೆಲ್ಲ ದುರಾಸೆಯವರೆಂದು ಬರೆದರೆ ಅದು ಸುಳ್ಳಾಗುತ್ತದೆ. ಅಬರ್ಡೀನ್ ಉತ್ತರ ಸಮುದ್ರದ ತೈಲವನ್ನು ನಂಬಿ ಬದುಕಿದ ನಗರ. ಆ ತೈಲ ಇಳಿಮುಖವಾಗಿತ್ತು. ಮುಂದೇನು ಎಂಬ ಭಯ ಅಲ್ಲಿಯ ಸಾಮಾನ್ಯ ಜನರದ್ದೂ ಆಗಿತ್ತು. ವಿಚಾರಣಾಧಿಕಾರಿಗಳ ಶಿಫಾರಸಿನ ಸಾರವೂ ಈ ಭಯವನ್ನು ಗಂಭೀರವಾಗಿ ತೆಗೆದುಕೊಂಡದ್ದೇ: ಯೋಜನೆಯ ಆರ್ಥಿಕ, ಸಾಮಾಜಿಕ ಲಾಭಗಳು ಎಷ್ಟು ದೊಡ್ಡವೆಂದರೆ, ಪರಿಸರಕ್ಕಾಗುವ ಕೇಡನ್ನು ಅವು ಅನನ್ಯವಾಗಿ ಸಮರ್ಥಿಸುತ್ತವೆ. ಈ ‘ಅನನ್ಯವಾಗಿ’ ಎಂಬ ಕ್ರಿಯಾವಿಶೇಷಣದಲ್ಲಿ ನನಗೆ ಒಂದು ಅಳುಕು ಕೇಳಿಸುತ್ತದೆ. ಸಾಮಾನ್ಯವಾಗಿ ಇಂಥದ್ದಕ್ಕೆ ಒಪ್ಪುವುದಿಲ್ಲ, ಇದೊಂದು ಸಲ ಮಾತ್ರ ಎಂಬ ದನಿ. ಆದರೆ ಕಾನೂನಿನ ರಕ್ಷಣೆಯಿರುವ ತಾಣವನ್ನು ಕೇಳಿ ಬರುವ ಪ್ರತಿಯೊಬ್ಬರೂ ತಾವು ಅನನ್ಯ ಎಂದೇ ಹೇಳಿಕೊಂಡು ಬರುತ್ತಾರೆ. ಅಪವಾದಕ್ಕೆ ಇಟ್ಟ ಬಾಗಿಲು ಎಲ್ಲರ ಅಳತೆಗೂ ಸರಿಹೋಗುತ್ತದೆ.

ಇದೇ ಟ್ರಂಪ್ ಸಂಸ್ಥೆ ಅಬರ್ಡೀನ್ ಕೊಲ್ಲಿಯಲ್ಲಿ ಬರಲಿದ್ದ ಗಾಳಿ ವಿದ್ಯುತ್ ಯಂತ್ರಗಳ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಗಾಲ್ಫ್ ಆಡುವವರ ಕಣ್ಣಿಗೆ ಕಡಲಿನ ನೋಟ ಕೆಡುತ್ತದೆ ಎಂಬುದು ತಕರಾರಿನ ತಿರುಳು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಸೋಲಾಯಿತು. 2018ರಿಂದ ಅಲ್ಲಿ 11 ಯಂತ್ರಗಳು ತಿರುಗುತ್ತಿವೆ. ‘ಪರಿಣಾಮ’ ಎಂಬ ಪದದ ಅರ್ಥ ಎಲ್ಲರಿಗೂ ಗೊತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಯಾರ ಮೇಲಿನ ಪರಿಣಾಮ ಲೆಕ್ಕಕ್ಕೆ ಬರಬೇಕು ಎಂಬುದಷ್ಟೇ ಜಗಳ.

ಸಿನಿಮಾ ಕಂಡದ್ದು, ಕಾಣದ್ದು

ಮೆನೀ ಪ್ರಕರಣ ಜಗತ್ತಿಗೆ ಗೊತ್ತಾದದ್ದು ವರದಿಗಳಿಂದ ಅಲ್ಲ, ಆಂಟನಿ ಬ್ಯಾಕ್ಸ್ಟರ್ ಅವರ ‘ಯೂ ಹ್ಯಾವ್ ಬೀನ್ ಟ್ರಂಪ್ಡ್’ (2011) ಎಂಬ ಸಾಕ್ಷ್ಯಚಿತ್ರದಿಂದ. ಜಮೀನು ಮಾರಲು ಒಪ್ಪದ ನೆರೆಮನೆಯವರು, ಅವರ ಮೇಲೆ ಬಿದ್ದ ಒತ್ತಡ, ನಿಂತುಹೋದ ನೀರು, ಚಿತ್ರ ತೆಗೆಯುತ್ತಿದ್ದ ನಿರ್ದೇಶಕನನ್ನೇ ಪೊಲೀಸರು ಹಿಡಿದದ್ದು, ಎಲ್ಲವೂ ಅದರಲ್ಲಿದೆ. ವರದಿಯ ಹೆಸರಿಲ್ಲದ ನಿರೂಪಕನಿಗೆ ಇದು ಸರಿಯಾದ ಎದುರುತ್ತರ: ಇಲ್ಲಿ ಮುಖಗಳಿವೆ, ಸಿಟ್ಟಿದೆ, ಅಡುಗೆಮನೆಗಳಿವೆ. ಇದೇ ಅಬರ್ಡೀನ್‌ಶೈರ್ ಕರಾವಳಿಯ ಪೆನನ್ ಎಂಬ ಊರಿನಲ್ಲಿ ಚಿತ್ರೀಕರಣಗೊಂಡಿದ್ದ ಬಿಲ್ ಫೋರ್ಸೈತ್ ಅವರ ‘ಲೋಕಲ್ ಹೀರೊ’ (1983) ನೆನಪಾಗದೆ ಇರದು. ಕಡಲತೀರ ಕೊಳ್ಳಲು ಬಂದ ಅಮೆರಿಕದ ಕಂಪನಿ, ಮಾರಲೊಲ್ಲದ ಒಬ್ಬ ಮುದುಕ. ಆ ಸಿನಿಮಾದಲ್ಲಿ ಕಂಪನಿಯ ಯಜಮಾನನೇ ಮನಸ್ಸು ಬದಲಾಯಿಸುತ್ತಾನೆ. ಅದು ಸಿನಿಮಾ.

ಬ್ಯಾಕ್ಸ್ಟರ್ ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ದೊಡ್ಡವನ ಎದುರು ಸಣ್ಣವನು ಎಂಬ ಕತೆ ಬಿಗಿಯಾದಷ್ಟೂ ದಿಬ್ಬ ಹಿನ್ನೆಲೆಗೆ ಸರಿಯುತ್ತದೆ. ಖಳನಾಯಕ ಅಷ್ಟು ದೊಡ್ಡವನಾಗಿದ್ದಾಗ ಖಳತನವೆಲ್ಲ ಅವನೊಬ್ಬನಲ್ಲಿ ಇದೆಯೆಂದು ನಂಬುವುದು ಸುಲಭ. ವಿನಯವುಳ್ಳ, ಮೆದುಮಾತಿನ ಉದ್ಯಮಿಯೊಬ್ಬ ಅದೇ ದಿಬ್ಬಕ್ಕೆ ಅದೇ ಹುಲ್ಲು ನೆಟ್ಟಿದ್ದರೆ ಮರಳು ಅಷ್ಟೇ ನಿಲ್ಲುತ್ತಿತ್ತು. ಸಿನಿಮಾ ಮಾತ್ರ ಆಗುತ್ತಿರಲಿಲ್ಲ. ವರದಿ ದಿಬ್ಬವನ್ನು ಅಳತೆಯಲ್ಲಿ ಕಳೆದುಕೊಂಡಿತು, ಸಿನಿಮಾ ಅದನ್ನು ನಾಟಕದಲ್ಲಿ ಕಳೆದುಕೊಂಡಿತು.

ಕೂಲ್‌ನ ನೊಣ

ಆ ವಿನಯವಂತ ಉದ್ಯಮಿಯ ಪ್ರಶ್ನೆ ಬರಿಯ ಊಹೆಯಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ, ಡಾರ್ನಾಕ್ ಪಟ್ಟಣದ ಹತ್ತಿರ ಕೂಲ್ ಲಿಂಕ್ಸ್ ಎಂಬ ಇನ್ನೊಂದು ದಿಬ್ಬಗಳ ತಾಣವಿದೆ. ಅದಕ್ಕೂ ಕಾನೂನಿನ ರಕ್ಷಣೆಯಿದೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ ರಾಮ್ಸಾರ್ ಪಟ್ಟಿಗೂ ಅದು ಸೇರಿದೆ. ಅಲ್ಲಿಗೂ ಗಾಲ್ಫ್ ಕೋರ್ಸಿನ ಪ್ರಸ್ತಾವ ಬಂತು. ಈ ಸಲ ಬಂದವರು ಅಬ್ಬರಿಸಲಿಲ್ಲ. ನೆಲವನ್ನು ಆದಷ್ಟು ಕಡಿಮೆ ಕದಲಿಸುತ್ತೇವೆ, ಈಗ ನೋಡಿಕೊಳ್ಳುವವರಿಲ್ಲದೆ ಪೊದೆ ಬೆಳೆದು ಹಾಳಾಗುತ್ತಿರುವ ತಾಣವನ್ನು ಕೋರ್ಸಿನ ಆದಾಯದಿಂದ ಕಾಪಾಡುತ್ತೇವೆ ಎಂದರು. ಸ್ಥಳೀಯರಲ್ಲಿ ಅನೇಕರು ಒಪ್ಪಿದರು. 2018ರಲ್ಲಿ ಹೈಲ್ಯಾಂಡ್ ಕೌನ್ಸಿಲ್ಲಿನ ಸಮಿತಿ ತನ್ನದೇ ಅಧಿಕಾರಿಗಳ ಸಲಹೆ ಮೀರಿ ಒಪ್ಪಿಗೆ ಕೊಟ್ಟಿತು. ಸರ್ಕಾರ ಇಲ್ಲೂ ಕಡತ ತರಿಸಿಕೊಂಡಿತು. 2019ರಲ್ಲಿ ವಿಚಾರಣೆ ನಡೆಯಿತು. 2020ರ ಫೆಬ್ರುವರಿಯಲ್ಲಿ ಬಂದ ತೀರ್ಪು: ಅನುಮತಿಯಿಲ್ಲ. ನಿಸರ್ಗಕ್ಕಾಗುವ ಹಾನಿಯನ್ನು ಸಾಮಾಜಿಕ, ಆರ್ಥಿಕ ಲಾಭಗಳು ಮೀರಿಸುವುದಿಲ್ಲ.

ತಕ್ಕಡಿ ಅದೇ, ಫಲಿತಾಂಶ ಬೇರೆ. ಭರವಸೆಯ ಗಾತ್ರ ಈ ಸಲ ಸಣ್ಣದಿತ್ತು ಎಂಬುದು ನಿಜ. ಆದರೆ ಎರಡು ತೀರ್ಪುಗಳ ನಡುವೆ ಫೊವೆರನ್‌ನ ಅನುಭವ ಬಂದು ಕೂತಿತ್ತು ಎಂಬುದನ್ನೂ ಮರೆಯುವಂತಿಲ್ಲ. ಆ ತಾಣವನ್ನು ಪಟ್ಟಿಯಿಂದ ತೆಗೆಯಬೇಕೆಂಬ ಸಲಹೆ ಬಹಿರಂಗವಾದದ್ದು 2019ರಲ್ಲಿ. ‘ಆದೀತು’ ಎಂಬುದು ‘ಆಯಿತು’ ಆಗಿ ಕಣ್ಣ ಮುಂದಿತ್ತು.

ಕೂಲ್ ಚರ್ಚೆಯಲ್ಲಿ ಒಂದು ನೊಣದ ಹೆಸರು ಮತ್ತೆ ಮತ್ತೆ ಬಂತು. ಫೊನ್ಸೆಕಾ ಬೀಜದ ನೊಣ ಎಂದು ಅದನ್ನು ಕರೆಯುತ್ತಾರೆ. ಜಗತ್ತಿನಲ್ಲಿ ಆ ಭಾಗದ ಕಡಲತೀರದ ಕೆಲವು ಮೈಲಿ ಬಿಟ್ಟರೆ ಬೇರೆಲ್ಲೂ ಅದು ಕಂಡುಬಂದಿಲ್ಲ. ಒಂದು ನೊಣಕ್ಕಾಗಿ ಊರಿನ ಉದ್ಯೋಗ ಬಿಡಬೇಕೆ ಎಂಬ ಗೇಲಿಯೂ ಸಹಜವಾಗಿ ಎದ್ದಿತು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಈ ಗೇಲಿಯ ಧಾಟಿ ಪರಿಚಿತ. ಹಾರುವ ಓತಿಯ ಹಿಂದೆ ಬಿದ್ದ ವಿಜ್ಞಾನಿಯನ್ನು ಊರು ನೋಡುವ ನೋಟವೂ ಅದೇ. ಒಂದು ಸಣ್ಣ ಜೀವದ ಇರವು ತನ್ನ ಉಪಯೋಗವನ್ನು ಸಾಬೀತುಪಡಿಸದೆಯೇ ನಮ್ಮ ಗಮನಕ್ಕೆ ಅರ್ಹ ಎಂಬುದನ್ನು ಕನ್ನಡ ಕಾದಂಬರಿಯೊಂದು 1980ರಲ್ಲೇ ಹೇಳಿತ್ತು. ಕೋಷ್ಟಕದಲ್ಲಿ ನೊಣಕ್ಕೆ ಒಂದು ಮನೆ ಸಿಗುತ್ತದೆ. ಅದಕ್ಕೆ ಬೆರಗು ಸಿಗುವುದು ಕಾದಂಬರಿಯಲ್ಲಿ. ಒಳ್ಳೆಯ ತೀರ್ಪಿಗೆ ಎರಡೂ ಬೇಕು.

ಕೂಲ್‌ನಲ್ಲಿ ಜಗಳ ಆ ತೀರ್ಪಿಗೆ ಮುಗಿಯಲಿಲ್ಲ. ಪ್ರಸ್ತಾವ ಹೊಸ ರೂಪದಲ್ಲಿ, ಸ್ಥಳೀಯರದೇ ಸಂಘದ ಹೆಸರಿನಲ್ಲಿ ಮರಳಿ ಬಂತು. 2023ರಲ್ಲಿ ಕೌನ್ಸಿಲ್ ಮತ್ತೆ ಒಪ್ಪಿತು. 2024ರಲ್ಲಿ ಮತ್ತೆ ವಿಚಾರಣೆ. ದಿಬ್ಬದ ಪರವಾಗಿರುವವರು ಪ್ರತಿ ಸಲವೂ ಗೆಲ್ಲಬೇಕು. ಎದುರಿನವರಿಗೆ ಒಂದು ಸಲ ಗೆದ್ದರೆ ಸಾಕು. ಫೊವೆರನ್‌ನಲ್ಲಿ ಅವರು ಗೆದ್ದದ್ದು ಒಂದೇ ಸಲ. ಈಗ ಆ ನೆಲದ ‘ಈಗಿನ ಸ್ಥಿತಿ’ಯ ಬಗ್ಗೆ ಹೊಸ ವರದಿ ಬರೆಯುವವರು ಅದನ್ನು ರಕ್ಷಣೆಯಿಲ್ಲದ ಸಾಮಾನ್ಯ ನೆಲವೆಂದೇ ಬರೆಯಬೇಕಾಗುತ್ತದೆ. ಹಿಂದಿನ ನಾಶ ಮುಂದಿನ ಅಧ್ಯಯನದ ಮೊದಲ ಪುಟವಾಗುತ್ತದೆ.

ನಮ್ಮ ಮೂವತ್ತು ದಿನ

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ನಮ್ಮಲ್ಲಿ ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಲ್ಫ್ ಕೋರ್ಸಿಗೆ ಪ್ರತ್ಯೇಕ ಬಾಬತ್ತೇ ಇಲ್ಲ. ಅಂಥ ಯೋಜನೆ ಅಧ್ಯಯನಕ್ಕೆ ಒಳಪಡುವುದು ಅದರ ಜೊತೆಗಿನ ಕಟ್ಟಡಗಳ ವಿಸ್ತೀರ್ಣದ ಲೆಕ್ಕದಲ್ಲಿ. ಹುಲ್ಲು ಕಟ್ಟಡವಲ್ಲವಲ್ಲ! ಇನ್ನು ಅಧ್ಯಯನ ನಡೆಯುವ ಯೋಜನೆಗಳಲ್ಲಿ, ಉದ್ದನೆಯ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ರಾಜ್ಯದ ಭಾಷೆಯಲ್ಲಿ ಕಡ್ಡಾಯವಾಗಿ ಇರಬೇಕಾದ್ದು ಅದರ ಸಾರಾಂಶ ಮಾತ್ರ. ನೂರಾರು ಪುಟಗಳ ಅನುಮಾನಗಳು, ‘ಆದೀತು’ಗಳು ಇಂಗ್ಲಿಷಿನಲ್ಲಿ ಉಳಿದು, ‘ಕೈಗೊಳ್ಳಲಾಗುವುದು’ಗಳಷ್ಟೇ ಕನ್ನಡಕ್ಕೆ ದಾಟುವ ಅಪಾಯ ಈ ಏರ್ಪಾಡಿನಲ್ಲೇ ಅಡಗಿದೆ.

ಭಾಷೆಯ ಪ್ರಶ್ನೆ ಇಲ್ಲಿ ಅಲಂಕಾರದ ಪ್ರಶ್ನೆಯಲ್ಲ ಎಂಬುದನ್ನು ನ್ಯಾಯಾಲಯಗಳೇ ಹೇಳಿವೆ. 2020ರಲ್ಲಿ ಕೇಂದ್ರ ಸರ್ಕಾರ ಈ ಅಧಿಸೂಚನೆಯನ್ನು ಬದಲಿಸಲು ಹೊಸ ಕರಡು ಹೊರಡಿಸಿತು. ಎಂಟನೆಯ ಪರಿಚ್ಛೇದದ ಎಲ್ಲ 22 ಭಾಷೆಗಳಿಗೂ ಅದನ್ನು ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್‌ನಲ್ಲಿ ಆದೇಶಿಸಿತು. ಜನರಿಗೆ ಅವರ ಭಾಷೆಯಲ್ಲಿ ತಲುಪದ ಕರಡನ್ನು ಅಂತಿಮಗೊಳಿಸಬಾರದೆಂದು ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಓದಲಾಗದ ಕಾಗದಕ್ಕೆ ಆಕ್ಷೇಪ ಸಲ್ಲಿಸಿ ಎಂದು ಕೇಳುವುದು ಕೇಳಿದಂತಲ್ಲ ಎಂಬ ಸರಳ ನ್ಯಾಯ ಅದರ ಹಿಂದಿತ್ತು.

ಆದರೆ ಅನುವಾದವೊಂದೇ ಸಾಲದು ಎಂಬುದು ಮೆನೀ ಕಲಿಸುವ ಪಾಠ. ಅಲ್ಲಿಯ ಜನ ವರದಿಯ ಭಾಷೆಯನ್ನೇ ಆಡುವವರು, ಆದರೂ ಅವರಿಗೆ ಅದು ದಕ್ಕಲಿಲ್ಲ. ಬೇಕಾಗಿರುವುದು ವರದಿಯನ್ನು ವಿಮರ್ಶೆಗೆ ಒಡ್ಡುವ ಓದು. ಯಾವ ವಾಕ್ಯಕ್ಕೆ ಕರ್ತೃವಿಲ್ಲ? ಯಾವ ಲಾಭಕ್ಕೆ ಅನುಮಾನವಿಲ್ಲ? ‘ಸ್ಥಿರ’, ‘ಅಭಿವೃದ್ಧಿ’, ‘ಖರಾಬು’ ಎಂಬಂಥ ಪದಗಳು ಯಾವ ನೆಲದ ಮೇಲೆ ನಿಂತು ಮಾತಾಡುತ್ತಿವೆ? ಕವಿತೆಯ ಒಂದು ಸಾಲಿಗೆ ನಾವು ಕೇಳುವ ಪ್ರಶ್ನೆಗಳಿಗಿಂತ ಇವು ಬೇರೆಯಲ್ಲ. ಸಾಹಿತ್ಯದ ತರಗತಿಗಳಲ್ಲಿ ವರ್ಷಗಟ್ಟಲೆ ಪಳಗಿಸಿಕೊಂಡ ಈ ಓದನ್ನು ನಾವು ಕಾವ್ಯಕ್ಕಷ್ಟೇ ಮೀಸಲಿಟ್ಟಿದ್ದೇವೆ.

2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ಆ ದಿನಗಳಲ್ಲಿ ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತಿಯಲ್ಲಿ ಓದಲು ಸಿಗಬೇಕು. ಆಲಿಕೆಯ ಕೊನೆಗೆ ಅಂದು ನಡೆದ ಮಾತಿನ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು. ಊರಿನ ರೈತ ‘ಕೆರೆ ಬತ್ತಿ ಹೋಗುತ್ತದೆ’ ಎಂದು ಹೇಳಿದ್ದು ಆ ಟಿಪ್ಪಣಿಯಲ್ಲಿ ‘ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಲಾಯಿತು’ ಎಂದಾಗಿದ್ದರೆ, ಎದ್ದು ನಿಂತು ‘ಅವರು ಹಾಗೆ ಹೇಳಲಿಲ್ಲ, ಹೇಳಿದ್ದನ್ನೇ ಬರೆಯಿರಿ’ ಎನ್ನಲು ನಿಯಮದಲ್ಲಿ ಅವಕಾಶವಿದೆ. ಅದಕ್ಕೆ ಬೇಕಾದ್ದು ಎರಡು ವಾಕ್ಯಗಳ ನಡುವಿನ ವ್ಯತ್ಯಾಸವನ್ನು ಆ ಕ್ಷಣಕ್ಕೆ ಕೇಳಿಸಿಕೊಳ್ಳಬಲ್ಲ ಕಿವಿ.